ರಕ್ತದಲ್ಲೇ ಐತೆ ಅನ್ನುವವರಿಗೆ

"ಇದು ನಿಮ್ ವಂಶದಲ್ಲೇ ಐತೆ. ರಕ್ತದಲ್ಲೇ ಬಂದಿರೋದು. ಏನ್ ಮಾಡಕ್ಕಾಗ್ತದೆ?"

ಆಸ್ಪತ್ರೆಯ ಡಾಕ್ಟರು ಹೀಗಂದು ಚೀಟಿ ಬರೆದು ಕೈಗಿಟ್ಟಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಇದೂ ನಮ್ ಹಣೇಬರಾನಾ ಸ್ವಾಮಿ?" ಡಾಕ್ಟರು ಉತ್ತರ ಕೊಡಲಿಲ್ಲ. ಮುಂದಿನವರನ್ನು ಕೂಗಿದರು.

ಬೆಂಚಿನ ಮೇಲೆ ಕೂತಿದ್ದವನು ನಮ್ಮಣ್ಣ. ಜೀತದಾಳಿನ ಮಗ. ನಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು. ಒಂದು ಬೇಸಿಗೆಯಲ್ಲಿ ಹದಿನೈದು ದಿನ ನಿದ್ದೆಯಿಲ್ಲದೆ ಊರೆಲ್ಲ ತಿರುಗಿದ. ಸಾಲ ತಂದ ದುಡ್ಡನ್ನು ಕಂಡಕಂಡವರಿಗೆ ಹಂಚಿದ. ಗೌಡರ ಜಗುಲಿ ಹತ್ತಿ ನಿಂತು ಭಾಷಣ ಮಾಡಿದ. ಅವರು ಕಂಬಕ್ಕೆ ಕಟ್ಟಿ ಬಡಿದರು. ಆಮೇಲೆ ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಉಣ್ಣಲಿಲ್ಲ, ಮಾತಾಡಲಿಲ್ಲ. ಊರವರು "ಹೊಲೇರ ಹೈದ, ಓದಿ ತಲೆ ಕೆಡಿಸ್ಕಂಡ" ಅಂದರು. ಪೂಜಾರಿ ಗಾಳಿ ಅಂದ. ಜೋಯಿಸರು ಹಿಂದಿನ ಜನ್ಮದ ಕರ್ಮ ಅಂದರು. ಐದು ವರ್ಷ ಕಳೆದ ಮೇಲೆ ಸಿಕ್ಕ ಡಾಕ್ಟರು ವಂಶ ಅಂದರು. ಅವ್ವನ ಕಿವಿಗೆ ಕರ್ಮ, ವಂಶ ಎರಡೂ ಒಂದೇ ಮಾತಾಗಿ ಬಿತ್ತು. ಆಮೇಲೆ ನಮ್ಮ ತಂಗಿಗೆ ಬಂದ ಸಂಬಂಧ ಮೂರು ಸಲ ಮುರಿಯಿತು. ಮುರಿದವರು ಗೌಡರಲ್ಲ, ನಮ್ಮವರೇ. "ಆ ಮನೆ ರಕ್ತ ಸರಿ ಇಲ್ಲ" ಅಂದರು.

ಗೆಳೆಯರೇ, ಈ "ರಕ್ತ ಸರಿ ಇಲ್ಲ" ಅನ್ನೋ ಮಾತನ್ನು ನಾವು ಎಲ್ಲಿಯೋ ಕೇಳಿದ್ದೇವಲ್ಲವೇ? ಎರಡು ಸಾವಿರ ವರ್ಷದಿಂದ ಕೇಳುತ್ತಲೇ ಇದ್ದೇವೆ. ನಿನ್ನ ಹುಟ್ಟೇ ನಿನ್ನ ತೀರ್ಪು ಅನ್ನುವ ಮಾತದು. ಶಾಸ್ತ್ರ ಹೇಳಿದಾಗ ಅದನ್ನು ಸುಟ್ಟೆವು. ಈಗ ಅದೇ ಮಾತು ಬಿಳಿ ಕೋಟು ಹಾಕಿಕೊಂಡು ಹಿತ್ತಲ ಬಾಗಿಲಿಂದ ಬಂದರೆ ಎದ್ದು ನಿಂತು ಕೈ ಮುಗಿಯಬೇಕೇ?

ಡಾಕ್ಟರು ಪೂರ್ತಿ ಸುಳ್ಳು ಹೇಳಲಿಲ್ಲ. ಅರ್ಧ ಸತ್ಯ ಹೇಳಿದರು. ಬಡವರ ಪಾಲಿಗೆ ಪೂರ್ತಿ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು ಮಾರಕ. ಅದಕ್ಕೇ ಆ ಅರ್ಧ ಯಾವುದು, ಉಳಿದರ್ಧವನ್ನು ನುಂಗಿದವರು ಯಾರು, ಲೆಕ್ಕ ತೆಗೆಯೋಣ.

*

ಮೊದಲು ಸತ್ಯದ ಅರ್ಧ. ಉನ್ಮಾದವೂ ಖಿನ್ನತೆಯೂ ಸರದಿ ಮೇಲೆ ಬರುವ ಈ ಕಾಯಿಲೆಗೆ ಬೈಪೋಲಾರ್ ಅನ್ನುತ್ತಾರೆ. ಸಮಾಜದಲ್ಲಿ ನೂರಕ್ಕೆ ಹೆಚ್ಚುಕಮ್ಮಿ ಒಬ್ಬರಿಗೆ ಬರುತ್ತದೆ. ಅಪ್ಪನಿಗೋ ಅವ್ವನಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಬರಬಹುದು. ಒಂದೇ ಭ್ರೂಣ ಒಡೆದು ಇಬ್ಬರಾಗಿ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಸಂಭವ ನೂರಕ್ಕೆ 40ರಿಂದ 70. ಆದ್ದರಿಂದ ವಂಶವಾಹಿಗಳಿಗೆ ಇದರಲ್ಲಿ ಕೈಯಿದೆ. ಇದನ್ನು ಅಲ್ಲಗಳೆಯುವುದು ಮೂರ್ಖತನ.

ಅದೇ ಲೆಕ್ಕವನ್ನು ಮಗುಚಿ ಓದಿ. ಅಪ್ಪನಿಗೆ ಕಾಯಿಲೆ ಇದ್ದರೂ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆ ಬರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಒಂದೇ ವಂಶವಾಹಿ ಹಂಚಿಕೊಂಡ ಅವಳಿಗಳಲ್ಲೂ ಎಷ್ಟೋ ಮಂದಿಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದಿಲ್ಲ. ನಮ್ಮ ತಂಗಿಯ ಸಂಬಂಧ ಮುರಿದವರಿಗೆ ಈ ಅರ್ಧವನ್ನು ಯಾರಾದರೂ ಹೇಳಿದರೇ? ಡಾಕ್ಟರು ಹೇಳಬಹುದಿತ್ತು. ಅರ್ಧ ನಿಮಿಷ ಸಾಕಿತ್ತು.

ಇನ್ನೊಂದು ಅಂಕಿ ಪತ್ರಿಕೆಗಳಲ್ಲಿ ಓಡಾಡುತ್ತಿರುತ್ತದೆ. ಬೈಪೋಲಾರ್ ಕಾಯಿಲೆಯ ಆನುವಂಶಿಕತೆ ಶೇ. 60ರಿಂದ 85, ಖಿನ್ನತೆಯದು ಶೇ. 37 ಅಂತ. ಎರಡನೆಯದು ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2000ದಲ್ಲಿ ತೆಗೆದ ಲೆಕ್ಕ. ಇದನ್ನು ಓದಿದ ನಮ್ಮ ಮೇಷ್ಟ್ರು ಒಬ್ಬರು "ಅಂದ್ರೆ ಕಾಯಿಲೆಯಲ್ಲಿ ಮುಕ್ಕಾಲು ಪಾಲು ರಕ್ತ, ಕಾಲು ಪಾಲು ಬದುಕು" ಅಂತ ಹುಡುಗರಿಗೆ ವಿವರಿಸಿದರು. ಹಂಗಲ್ಲ ಮೇಷ್ಟ್ರೇ. ಒಬ್ಬ ಮನುಷ್ಯನ ನೋವನ್ನು ತಕ್ಕಡಿಯಲ್ಲಿಟ್ಟು ಇಷ್ಟು ರಕ್ತದ್ದು, ಇಷ್ಟು ಬದುಕಿನದು ಅಂತ ತೂಗುವ ಅಂಕಿ ಅದಲ್ಲ. ಒಂದು ಕಾಲದ ಒಂದು ಜನಸಮೂಹದಲ್ಲಿ ಜನ ಒಬ್ಬರಿಗಿಂತ ಒಬ್ಬರು ಬೇರೆಯಾಗಿರುವುದರಲ್ಲಿ ಎಷ್ಟು ಪಾಲು ವಂಶವಾಹಿಯ ವ್ಯತ್ಯಾಸಕ್ಕೆ ಸೇರುತ್ತದೆ ಅನ್ನುವ ಅಂಕಿ ಅದು. ಜನಸಮೂಹ ಬದಲಾದರೆ, ಬದುಕು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಉದಾಹರಣೆ ಬೇಕೇ? ಪಾವಗಡದ ಕಡೆಯ ಫ್ಲೋರೈಡ್ ನೀರು ಎಲ್ಲರಿಗೂ ಗೊತ್ತು. ಒಂದು ಕೇರಿಯವರೆಲ್ಲ ಒಂದೇ ಬೋರ್‌ವೆಲ್ಲಿನ ವಿಷದ ನೀರು ಕುಡಿಯುತ್ತಾರೆ ಅಂತ ಇಟ್ಟುಕೊಳ್ಳಿ. ನೀರು ಎಲ್ಲರಿಗೂ ಒಂದೇ. ಆದರೂ ಒಬ್ಬನ ಹಲ್ಲು ಬೇಗ ಕಪ್ಪಾಗುತ್ತದೆ, ಇನ್ನೊಬ್ಬನದು ತಡವಾಗಿ. ಆ ವ್ಯತ್ಯಾಸಕ್ಕೆ ಮೈಯ ಗುಣವೇ ಹೆಚ್ಚು ಕಾರಣವಾಗಿ ಕಾಣುತ್ತದೆ. ಲೆಕ್ಕ ಹಾಕುವವನು ಬಂದು "ಈ ಕೇರಿಯ ಹಲ್ಲಿನ ರೋಗ ಬಹುಪಾಲು ಆನುವಂಶಿಕ" ಅಂತ ಬರೆದುಕೊಂಡು ಹೋಗುತ್ತಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರೋಗ ತಂದದ್ದು ನೀರು. ಬೋರ್‌ವೆಲ್ ಬದಲಾಯಿಸಿ ನೋಡಿ, ಆ "ಆನುವಂಶಿಕ" ರೋಗ ಎಲ್ಲಿ ಉಳಿಯುತ್ತದೆ? ಇಡೀ ಕೇರಿಗೆ ಒಂದೇ ವಿಷ ಕುಡಿಸಿದಾಗ ವಿಷ ಲೆಕ್ಕದಿಂದ ಮಾಯವಾಗುತ್ತದೆ. ಅವಮಾನವೂ ಹಾಗೇ. ಅದನ್ನು ಇಡೀ ಕೇರಿಗೆ ಸಮನಾಗಿ ಹಂಚಿದ್ದಾರೆ.

*

ಇನ್ನು ಆ ಒಂದು ಜೀನಿನ ಹುಡುಕಾಟದ ಕತೆ. 1987ರಲ್ಲಿ ಅಮೆರಿಕದ ಆಮಿಶ್ ಎಂಬ ಪಂಗಡದವರ ಮನೆತನಗಳನ್ನು ಪರೀಕ್ಷಿಸಿ, ಉನ್ಮಾದ-ಖಿನ್ನತೆಯ ಜೀನು 11ನೆಯ ವರ್ಣತಂತುವಿನಲ್ಲಿ ಸಿಕ್ಕಿತು ಎಂದು ನೇಚರ್ ಪತ್ರಿಕೆಯಲ್ಲಿ ಬಂತು. ಜಗತ್ತೆಲ್ಲ ಸದ್ದಾಯಿತು. 1989ರಲ್ಲಿ ಅದೇ ಮನೆತನಗಳ ಇನ್ನಷ್ಟು ಜನರನ್ನು ಸೇರಿಸಿ ನೋಡಿದಾಗ ಆ ಸಾಕ್ಷ್ಯ ಕುಸಿದುಬಿತ್ತು. 2003ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ಊರಿನ ಅಧ್ಯಯನದಿಂದ ಇನ್ನೊಂದು ಬಂತು. ಸೆರೊಟೋನಿನ್‌ಗೆ ಸಂಬಂಧಿಸಿದ ಒಂದು ಜೀನಿನ ಗಿಡ್ಡ ರೂಪ ಇದ್ದವರು ಕಷ್ಟ ಬಂದಾಗ ಬೇಗ ಖಿನ್ನರಾಗುತ್ತಾರೆ ಅಂತ. 2009ರಲ್ಲಿ ಹಲವಾರು ಅಧ್ಯಯನಗಳನ್ನು ಕೂಡಿಸಿ ನೋಡಿದರು. ಜೀನಿನ ಪಾತ್ರ ಸಿಗಲಿಲ್ಲ. ಸಿಕ್ಕಿದ್ದು ಒಂದೇ: ಕಷ್ಟ ಹೆಚ್ಚಾದಷ್ಟೂ ಖಿನ್ನತೆ ಹೆಚ್ಚು. 2019ರಲ್ಲಿ ಅಂಥ ಹೆಸರಾಂತ 18 ಜೀನುಗಳನ್ನು ಲಕ್ಷಾಂತರ ಜನರ ಮಾಹಿತಿ ಹಿಡಿದು ಪರೀಕ್ಷಿಸಿದರು. ಒಂದೂ ನಿಲ್ಲಲಿಲ್ಲ. ಸಿಕ್ಕಿತು ಅಂದಾಗ ಮುಖಪುಟ. ಬಿತ್ತು ಅಂದಾಗ ಮೌನ.

ಈಗ ವಿಜ್ಞಾನ ಎಲ್ಲಿಗೆ ಬಂದು ನಿಂತಿದೆ? 2025ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಿವೆ. ಬೈಪೋಲಾರ್‌ಗೆ ಸಂಬಂಧಿಸಿದ 298 ಜಾಗಗಳು ವಂಶವಾಹಿಯಲ್ಲಿ ಸಿಕ್ಕಿವೆ. ಖಿನ್ನತೆಯದಂತೂ 29 ದೇಶಗಳ 50 ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ್ದಾರೆ; ಸುಮಾರು 700 ವ್ಯತ್ಯಾಸಗಳು ಸಿಕ್ಕಿವೆ. ಒಂದೊಂದರ ಪರಿಣಾಮ ರಾಗಿ ಕಾಳಿನಷ್ಟು. ನನ್ನಲ್ಲಿ ಅವುಗಳಲ್ಲಿ ಕೆಲವಿವೆ, ನಿಮ್ಮಲ್ಲಿ ಕೆಲವಿವೆ, ಗೌಡರಲ್ಲಿ ಕೆಲವಿವೆ, ಜೋಯಿಸರಲ್ಲಿ ಕೆಲವಿವೆ. "ಹುಚ್ಚಿನ ರಕ್ತ" ಅನ್ನುವ ಬೇರೆ ರಕ್ತವೇ ಇಲ್ಲ. "ಆ ಮನೆ ಈ ಮನೆ" ಅನ್ನುವ ಗೆರೆಯೂ ಇಲ್ಲ. ಒಬ್ಬನ ರಕ್ತ ತೆಗೆದು, ನಿನಗೆ ಈ ಕಾಯಿಲೆ ಬರುತ್ತದೆ ಅಥವಾ ಬರುವುದಿಲ್ಲ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇವತ್ತಿನವರೆಗೆ ಇಲ್ಲ. ಆದರೂ ಅಮೆರಿಕದಲ್ಲಿ ಕೆಲವು ಕಂಪನಿಗಳು ಭ್ರೂಣಗಳಿಗೆ ಅಂಕ ಕೊಟ್ಟು, ಆರಿಸಿಕೊಳ್ಳಿ ಎಂದು ದುಡ್ಡು ಎಣಿಸುತ್ತಿವೆ. ನಮ್ಮ ಜಾತಕ ಬರೆಯುವವರಿಗೂ ಇವರಿಗೂ ಎಷ್ಟು ದೂರ?

ಇನ್ನೊಂದು ಮಾತು. ಈ ಬಗೆಯ ವಂಶವಾಹಿ ಅಧ್ಯಯನಗಳಲ್ಲಿ 2016ರ ಹೊತ್ತಿಗೂ ನೂರಕ್ಕೆ 81 ಮಂದಿ ಯೂರೋಪ್ ಮೂಲದವರೇ. ಈಚೆಗೆ ಸ್ವಲ್ಪ ಬದಲಾಗುತ್ತಿದೆ. ಬೆಂಗಳೂರಿನಲ್ಲೇ ನಿಮ್ಹಾನ್ಸ್, ಎನ್.ಸಿ.ಬಿ.ಎಸ್. ಮತ್ತು ಇನ್‌ಸ್ಟೆಮ್ ಸೇರಿ 2016ರಿಂದ, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗ ಇರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿವೆ. ಮಾಡಲಿ. ನಮ್ಮ ಜನರ ಮೈಯೂ ವಿಜ್ಞಾನಕ್ಕೆ ಗೊತ್ತಾಗಬೇಕು. ಆದರೆ ಗೊತ್ತಾದದ್ದು ನಮಗೆ ನಮ್ಮ ಭಾಷೆಯಲ್ಲಿ ತಿಳಿಯಬೇಕು.

*

ಯಾಕಿಷ್ಟು ಅನುಮಾನ ಅಂತ ಕೇಳುವವರಿಗೆ ಇತಿಹಾಸ ಹೇಳಬೇಕು. ಮನೋರೋಗದ ವಂಶಶಾಸ್ತ್ರ ಬೆಳೆದ ಮನೆ ಯಾವುದು? 1883ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ "ಯೂಜೆನಿಕ್ಸ್" ಅನ್ನುವ ಪದ ಹುಟ್ಟಿಸಿದ. ಒಳ್ಳೇ ತಳಿಯವರು ಹೆರಬೇಕು, ಕೆಟ್ಟ ತಳಿಯವರು ಹೆರಬಾರದು ಅನ್ನುವ ಶಾಸ್ತ್ರ. ಜರ್ಮನಿಯ ಮ್ಯೂನಿಕ್‌ನಲ್ಲಿ ಅರ್ನ್ಸ್ಟ್ ರೂಡಿನ್ ಎಂಬ ಮನೋವೈದ್ಯ ಕುಟುಂಬಗಳ ಪಟ್ಟಿ ಹಿಡಿದು ಲೆಕ್ಕ ಹಾಕಿದ. 1920ರ ದಶಕದಲ್ಲಿ ಅವನು ಉನ್ಮಾದ-ಖಿನ್ನತೆಯ ಮೇಲೆ ದೊಡ್ಡ ಅಧ್ಯಯನವನ್ನೇ ಮಾಡಿದ್ದ. ಬಂದ ಫಲಿತಾಂಶ ಅವನು ನಂಬಿದ್ದ ಸರಳ ವಂಶನಿಯಮಕ್ಕೆ ಹೊಂದಲಿಲ್ಲ. ಅದನ್ನು ಅವನು ಪ್ರಕಟಿಸಲೇ ಇಲ್ಲ. ಆದರೆ 1933ರ ಜುಲೈ 14ರಂದು ಹಿಟ್ಲರನ ಸರ್ಕಾರ "ವಂಶರೋಗ"ದವರ ಸಂತಾನಶಕ್ತಿ ಕಿತ್ತುಹಾಕುವ ಕಾನೂನು ಮಾಡಿದಾಗ, ಆ ಕಾನೂನಿನ ಬೆನ್ನಿಗೆ ನಿಂತವರಲ್ಲಿ ಇದೇ ರೂಡಿನ್ ಇದ್ದ. ರೋಗಗಳ ಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯೂ ಇತ್ತು. ಆ ಕಾನೂನಿನ ಕೆಳಗೆ ಕತ್ತರಿಗೆ ಸಿಕ್ಕವರು ಹೆಚ್ಚುಕಮ್ಮಿ 4 ಲಕ್ಷ ಮಂದಿ. 1940 ಮತ್ತು 1941ರಲ್ಲಿ ಮನೋರೋಗಿಗಳನ್ನೂ ಅಂಗವಿಕಲರನ್ನೂ ಬಸ್ಸಿನಲ್ಲಿ ತುಂಬಿ ಒಯ್ದು ಅನಿಲ ಕೋಣೆಗಳಲ್ಲಿ ಕೊಂದರು. 70,000ಕ್ಕೂ ಹೆಚ್ಚು ಜನ. ಯಹೂದಿಗಳ ಸಾಮೂಹಿಕ ಕೊಲೆಗೆ ಕೈ ಪಳಗಿಸಿಕೊಂಡದ್ದು ಇಲ್ಲೇ.

ನೆನಪಿಡಿ. ತನ್ನ ಲೆಕ್ಕ ಹೊಂದಲಿಲ್ಲ ಅಂತ ಅವನಿಗೆ ಗೊತ್ತಿತ್ತು. ವಿಜ್ಞಾನ ಅಡ್ಡ ಬಂದಾಗ ಅವನು ವಿಜ್ಞಾನವನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಅದು ಜರ್ಮನಿ, ನಮಗೇನು ಅನ್ನಬೇಡಿ. 1936ರಲ್ಲಿ ಬಾಬಾಸಾಹೇಬರು ಜಾತಿ ವಿನಾಶದ ಭಾಷಣ ಬರೆದಾಗ, ಜಾತಿಗೆ ಯೂಜೆನಿಕ್ಸಿನ ಬೇಲಿ ಹಾಕಲು ಹೊರಟ ಪಂಡಿತರಿಗೆ ಅದರಲ್ಲೇ ಉತ್ತರ ಕೊಟ್ಟರು. ಜಾತಿ ಇರುವುದು ರಕ್ತ ಕೆಡದ ಹಾಗೆ ಕಾಯಲಿಕ್ಕೆ ಅನ್ನುವುದಾದರೆ, ಜೊತೆಗೆ ಕೂತು ಉಂಡರೆ ರಕ್ತ ಹೇಗೆ ಕೆಡುತ್ತದೆ ಎಂದು ಕೇಳಿದರು. ಆ ಭಾಷಣ ಮಾಡಲು ಲಾಹೋರಿನವರು ಬಿಡಲಿಲ್ಲ. ಅವರೇ ಅಚ್ಚು ಹಾಕಿಸಿದರು. ಅದಕ್ಕೂ ಮೊದಲು, 1916ರಲ್ಲೇ, ಜಾತಿಯ ಗುಟ್ಟು ಇರುವುದು ಒಳಮದುವೆಯ ಕಟ್ಟಿನಲ್ಲಿ ಅಂದಿದ್ದರು. ನೂರು ವರ್ಷ ಕಳೆದು, 2016ರಲ್ಲಿ, ಭಾರತೀಯ ವಿಜ್ಞಾನಿಗಳು ವಂಶವಾಹಿ ಓದಿ ಹೇಳಿದ್ದೇನು? ಈ ನೆಲದ ಜನ ಮೊದಲು ಬೆರೆತಿದ್ದರು. ಹಲವು ಜನವರ್ಗಗಳಲ್ಲಿ ಸುಮಾರು 70 ತಲೆಮಾರುಗಳ ಹಿಂದೆ ಬೆರೆಯುವುದು ನಿಂತಿತು. ರಕ್ತ ಜಾತಿಯನ್ನು ಮಾಡಲಿಲ್ಲ. ಜಾತಿ ಬೀಗ ಹಾಕಿತು, ಬೀಗದ ಗುರುತು ರಕ್ತದಲ್ಲಿ ಉಳಿಯಿತು.

ನಮ್ಮ ಕಾನೂನಿನ ಪುಸ್ತಕ ತೆರೆಯಿರಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯ ಷರತ್ತುಗಳಿವೆ. ಮದುವೆಗೂ ಮಕ್ಕಳನ್ನು ಹುಟ್ಟಿಸಲಿಕ್ಕೂ ಅನರ್ಹನಾಗುವಂಥ ಮನೋರೋಗ ಇರಬಾರದು ಅನ್ನುವುದು ಅದರಲ್ಲೊಂದು. ಈ ಮಾತನ್ನು ಸೇರಿಸಿದ್ದು 1976ರ ತಿದ್ದುಪಡಿ. ಜಾತಿ ಮೀರಿ ಮದುವೆಯಾಗುವವರು ಹುಡುಕಿಕೊಂಡು ಹೋಗುವ ವಿಶೇಷ ವಿವಾಹ ಕಾಯ್ದೆಯಲ್ಲೂ ಇದೇ ಮಾತು. 1976 ಅಂದರೆ ಯಾವ ವರ್ಷ? ತುರ್ತು ಪರಿಸ್ಥಿತಿಯ ವರ್ಷ. 1976-77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಕ್ರಿಯೆಗಳಾದವು, ಸಿಕ್ಕಿಬಿದ್ದವರು ಬಹುಪಾಲು ಬಡವರು. ಯಾರು ಹುಟ್ಟಬೇಕು, ಯಾರು ಹುಟ್ಟಬಾರದು ಅಂತ ಸರ್ಕಾರಕ್ಕೆ ಹೇಳುವ ಹಕ್ಕಿದೆ ಎಂದು ನಂಬಿದ ಕಾಲದ ಪಳೆಯುಳಿಕೆ ಅದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಮನೋರೋಗದ ಚಿಕಿತ್ಸೆಯೆಂದು ಸಂತಾನಶಕ್ತಿ ಕಿತ್ತುಹಾಕುವುದನ್ನು ನಿಷೇಧಿಸಿದೆ. ಸಂತೋಷ. ಆದರೆ "ಹುಟ್ಟಿಸಲು ಅನರ್ಹ" ಅನ್ನುವ ಮಾತು ಮದುವೆಯ ಕಾನೂನಿನಲ್ಲಿ ಇನ್ನೂ ಯಾಕೆ ಕೂತಿದೆ?

*

ಈಗ ನಮ್ಮ ಕಡೆಯವರಿಗೂ ಒಂದು ಮಾತು. ಇದು ಕಹಿ, ಆದರೂ ಹೇಳಲೇಬೇಕು.

ಅಣ್ಣ ಲಿಥಿಯಂ ಮಾತ್ರೆ ತಗೊಂಡು ಎರಡು ವರ್ಷ ಸರಿಯಾಗಿದ್ದ. ಮಕ್ಕಳಿಗೆ ಪಾಠ ಹೇಳುತ್ತಿದ್ದ. ಸಂಘದ ಗೋಡೆಬರಹ ಬರೆಯುತ್ತಿದ್ದ. ಆಗ ಸಂಘಟನೆಯ ಗೆಳೆಯನೊಬ್ಬ ಬಂದು, "ಕಾಯಿಲೆ ಇರೋದು ಸಮಾಜಕ್ಕೆ ಕಣೋ, ನಿನಗಲ್ಲ. ಬಂಡವಾಳಶಾಹಿ ಕಂಪನಿಗಳ ಮಾತ್ರೆ ಬಿಸಾಕು. ಹೋರಾಟಕ್ಕೆ ಬಾ, ಎಲ್ಲಾ ವಾಸಿಯಾಗ್ತದೆ" ಅಂದ. ಅಣ್ಣ ನಂಬಿದ. ಬಿಸಾಕಿದ. ಮೂರನೇ ತಿಂಗಳಿಗೆ ಮತ್ತೆ ನಿದ್ದೆ ಹೋಯಿತು. ಅವನನ್ನು ರೈಲು ಹಳಿಯ ಮೇಲಿಂದ ಎತ್ತಿಕೊಂಡು ಬಂದದ್ದು ನಾನು. ಆ ಗೆಳೆಯ ಆಸ್ಪತ್ರೆಯ ಕಡೆ ಬರಲಿಲ್ಲ.

ಪೂಜಾರಿಯ ಗಾಳಿಗೂ ಆ ಗೆಳೆಯನ ಸಿದ್ಧಾಂತಕ್ಕೂ ಏನು ವ್ಯತ್ಯಾಸ? ಇಬ್ಬರೂ ರೋಗಿಯ ಮೈಯನ್ನು ನೋಡಲಿಲ್ಲ. ಲಿಥಿಯಂ ಒಂದು ಉಪ್ಪು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಅದು ಉನ್ಮಾದಕ್ಕೆ ಕೆಲಸ ಮಾಡುತ್ತದೆ ಎಂದು ತೋರಿಸಿದ. ನೆಲದಲ್ಲಿ ಸಿಗುವ ವಸ್ತು. ಪೇಟೆಂಟಿಲ್ಲ, ಕಂಪನಿಗಳಿಗೆ ಅದರಲ್ಲಿ ದೊಡ್ಡ ಲಾಭವಿಲ್ಲ. ಎಷ್ಟೋ ರೋಗಿಗಳಲ್ಲಿ ಅದು ಸಾವನ್ನೇ ತಡೆದಿದೆ. ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಬೇಕು, ಹೆಚ್ಚಾದರೆ ವಿಷ. ಮೂತ್ರಪಿಂಡ, ಥೈರಾಯ್ಡ್ ನೋಡಿಕೊಳ್ಳಬೇಕು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ನಮ್ಮ ಜಗಳ ಮಾತ್ರೆಯ ಜೊತೆಗಲ್ಲ. ಮಾತ್ರೆ ನಮ್ಮ ಕೇರಿಗೆ ಬರಲು ಐದು ವರ್ಷ ತಗೊಂಡಿತಲ್ಲ, ಅದರ ಜೊತೆಗೆ.

*

"ವಂಶ" ಎನ್ನುವ ಮಾತು ಯಾರಿಗೆ ಅನುಕೂಲ ನೋಡಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2016ರ ಜನವರಿ 17ರಂದು ರೋಹಿತ್ ವೇಮುಲ ಹೋದ. ಅವನ ಫೆಲೋಶಿಪ್ ತಿಂಗಳುಗಟ್ಟಲೆ ನಿಂತಿತ್ತು. ಹಾಸ್ಟೆಲಿನಿಂದ ಹೊರಹಾಕಿದ್ದರು. ಅಧಿಕಾರದಲ್ಲಿದ್ದವರು ಆಮೇಲೆ ಹುಡುಕಿದ್ದೇನು? ಅವನು ನಿಜವಾಗಿ ದಲಿತನೋ ಅಲ್ಲವೋ, ಅಪ್ಪನ ಜಾತಿ ಯಾವುದು, ಅವ್ವನ ಜಾತಿ ಯಾವುದು! ಹೊರಹಾಕಿದ ಬಾಗಿಲನ್ನು ಬಿಟ್ಟು ಹುಟ್ಟನ್ನು ಕೆದಕಿದರು. ಹುಟ್ಟಿನಲ್ಲೇ ಕಾರಣ ಸಿಕ್ಕಿಬಿಟ್ಟರೆ ಬಾಗಿಲು ಹಾಕಿದವರು ಬಚಾವು. ಒಂದೊಂದು ಕಾಲೇಜಿನಲ್ಲಿ ಒಂದೊಂದು ಹುಡುಗ ಹುಡುಗಿ ಸತ್ತಾಗಲೂ "ಖಿನ್ನತೆ ಇತ್ತಂತೆ" ಅನ್ನುವ ಮಾತು ಮೊದಲೇ ಸಿದ್ಧವಾಗಿರುತ್ತದೆ. ಇತ್ತು ಅಂತಲೇ ಇಟ್ಟುಕೊಳ್ಳಿ. ಖಿನ್ನತೆ ಇದ್ದ ಹುಡುಗನನ್ನು ಬಯಲಲ್ಲಿ ಮಲಗಿಸಿದ್ದು ಯಾರು?

ಬದುಕಿನ ಪಾಲಿಗೆ ಸಾಕ್ಷ್ಯ ಇಲ್ಲವೆಂದಲ್ಲ. 1978ರಲ್ಲೇ ಜಾರ್ಜ್ ಬ್ರೌನ್, ಟಿರಿಲ್ ಹ್ಯಾರಿಸ್ ಎಂಬಿಬ್ಬರು ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಹೆಂಗಸರ ನಡುವೆ ಕೆಲಸ ಮಾಡಿ ತೋರಿಸಿದರು: ಕೂಲಿಕಾರ ಮನೆಗಳ ತಾಯಂದಿರಲ್ಲಿ ಖಿನ್ನತೆ ಹೆಚ್ಚು; ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದವಳಿಗೆ, ಮನೆ ತುಂಬ ಚಿಕ್ಕ ಮಕ್ಕಳಿದ್ದು ಹೊರಗೆ ಕೆಲಸವಿಲ್ಲದವಳಿಗೆ ಪೆಟ್ಟು ಜೋರಾಗಿ ಬೀಳುತ್ತದೆ. ಇಂಡೋನೇಷ್ಯಾದಲ್ಲಿ ಸರ್ಕಾರ ಬಡ ಮನೆಗಳಿಗೆ ನೇರವಾಗಿ ಹಣ ಕೊಟ್ಟ ಕಡೆ ಆತ್ಮಹತ್ಯೆ ಶೇ. 18ರಷ್ಟು ಇಳಿಯಿತೆಂದು 2019ರಲ್ಲಿ ಅರ್ಥಶಾಸ್ತ್ರಜ್ಞರು ಲೆಕ್ಕ ಕೊಟ್ಟರು. ಜನರ ಜೀನು ಬದಲಾಗಿತ್ತೇ? ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಊರಿನ ಜನರೇ ಆರೆಂಟು ಸಲ ಕೂತು ಮಾತಾಡಿ ತೀವ್ರ ಖಿನ್ನತೆಯನ್ನು ಇಳಿಸಿದರು. 2017ರಲ್ಲಿ ಅದರ ಫಲ ಪ್ರಕಟವಾಯಿತು.

ನಮ್ಮ ರಾಜ್ಯದ್ದೇ ಹೇಳುವುದಾದರೆ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟಿತು. 1996ರಲ್ಲಿ ಅದೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ದಾರಿ ಗೊತ್ತಿಲ್ಲದೆ ಅಲ್ಲ. ಆದರೂ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆಬೇರೆ ಮನೋರೋಗಗಳಿರುವವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇವರ ಪಾಲಿಗೆ ಚಿಕಿತ್ಸೆ ಬರೆಯದೆ ಬಿಟ್ಟವನು ಬ್ರಹ್ಮನೂ ಅಲ್ಲ, ಜೀನೂ ಅಲ್ಲ. ಬಜೆಟ್ ಬರೆದವರು.

ಹಾಗಾಗಿ ನಾವು ಕೇಳಬೇಕಾದದ್ದು ಸ್ಪಷ್ಟ. ತಾಲ್ಲೂಕು ಆಸ್ಪತ್ರೆಯಲ್ಲಿ ಲಿಥಿಯಂ ತಿಂಗಳು ತಪ್ಪದೆ ಸಿಗಬೇಕು, ಅದರ ರಕ್ತಪರೀಕ್ಷೆ ಅಲ್ಲೇ ಆಗಬೇಕು. ರೋಗದ ವಿಚಾರ ಹೇಳುವ ಡಾಕ್ಟರು ಪೂರ್ತಿ ಹೇಳಬೇಕು, ಕನ್ನಡದಲ್ಲಿ ಹೇಳಬೇಕು: ನೂರಕ್ಕೆ ಎಷ್ಟು ಮಂದಿಗೆ ಬರುತ್ತದೆ ಅನ್ನುವುದರ ಜೊತೆಗೆ ಎಷ್ಟು ಮಂದಿಗೆ ಬರುವುದಿಲ್ಲ ಅನ್ನುವುದನ್ನೂ. ರಕ್ತ ತಗೊಳ್ಳುವವರು ಯಾಕೆ ಅಂತ ತಿಳಿಸಿ ತಗೊಳ್ಳಬೇಕು. "ಹುಟ್ಟಿಸಲು ಅನರ್ಹ" ಎನ್ನುವ ಮಾತು ಕಾನೂನಿನಿಂದ ಹೋಗಬೇಕು. ಕಾಲೇಜಿನಲ್ಲಿ ಒಂದು ಸಾವಾದರೆ ವಿಚಾರಣೆ ಸತ್ತವರ ವಂಶದಿಂದಲ್ಲ, ಕಾಲೇಜಿನ ಬಾಗಿಲಿಂದ ಶುರುವಾಗಬೇಕು. ಕೊನೆಯದು ನಮ್ಮ ಕೇರಿಯವರಿಗೆ: ರಕ್ತ ನೋಡಿ ಸಂಬಂಧ ಮುರಿಯುವುದನ್ನು ನಾವು ಬಿಡದೆ, ರಕ್ತ ನೋಡಿ ನಮ್ಮನ್ನು ದೂರ ಇಟ್ಟವರನ್ನು ಕೇಳುವ ಬಾಯಿ ನಮಗೆಲ್ಲಿಂದ ಬರಬೇಕು?

ಅಣ್ಣ ಈಗ ಮಾತ್ರೆ ತಗೊಳ್ತಾನೆ. ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ರಕ್ತ ಕೊಟ್ಟು ಬರ್ತಾನೆ. ಸಂಜೆ ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಾನೆ. ಮೊನ್ನೆ ಅವನೇ ಅವ್ವನನ್ನು ಕೂರಿಸಿಕೊಂಡು ಒಂದು ಹಿಡಿ ರಾಗಿ ನೆಲದ ಮೇಲೆ ಹರಡಿ, ಒಂದೊಂದು ಕಾಳು ಒಂದೊಂದು ಜೀನು ಅಂತ ವಿವರಿಸಿದ. ಅವ್ವ ಎಲ್ಲಾ ಕೇಳಿ, "ಇಷ್ಟು ಕಾಳು ಎಲ್ರು ಮನೇಲೂ ಐತಲ್ಲೋ. ಇದ್ಕಾ ಆ ಡಾಕ್ಟ್ರು ನಮ್ ವಂಶ ಅಂದಿದ್ದು?" ಅಂದಳು.

ಅಕ್ಷರ ಬಾರದ ನಮ್ಮವ್ವನಿಗೆ ಅರ್ಥವಾದದ್ದು, ಓದಿದ ನಿಮಗೆ ಯಾಕೆ ಅರ್ಥವಾಗುವುದಿಲ್ಲ ಸ್ವಾಮಿ?